ಕದಿರಯ್ಯ ಮೇಷ್ಟ್ರ ಇಳಿಜಾರಿನ ಕಾರು

ಕಾರು ಇಟ್ಟುಕೊಂಡವರು ಅದನ್ನು ನಿಲ್ಲಿಸಲು ನೆರಳು ಹುಡುಕುತ್ತಾರೆ. ನಮ್ಮ ಕದಿರಯ್ಯ ಮೇಷ್ಟ್ರು ಇಳಿಜಾರು ಹುಡುಕುತ್ತಾರೆ. ಅವರ ಕಾರಿನ ಬ್ಯಾಟರಿಗೆ ವಯಸ್ಸಾಗಿದೆ. ಹೊಸದು ಹಾಕಿಸುವ ಮಾತು ಬಂದಾಗಲೆಲ್ಲ ಮಗಳು ಸಹನಾಳ ನರ್ಸಿಂಗ್ ಕಾಲೇಜಿನ ಫೀಸು ಅಡ್ಡ ಬರುತ್ತದೆ. ಹಾಗಾಗಿ ಸಂಜೆ ಇಳಿಜಾರಿನಲ್ಲಿ ನಿಲ್ಲಿಸುವುದು, ಬೆಳಗ್ಗೆ ಹ್ಯಾಂಡ್‌ಬ್ರೇಕ್ ಬಿಟ್ಟು ಉರುಳಿಸುವುದು, ಉರುಳುತ್ತಿರುವಾಗಲೇ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಡುವುದು. ಕಾರು ಒಂದು ಸಲ ಸೀನಿ ಎದ್ದುಬಿಡುತ್ತದೆ. ಬೆಟ್ಟದ ಬುಡದಲ್ಲಿರುವ ಮಧುಗಿರಿಯಲ್ಲಿ ಇಳಿಜಾರಿಗೇನೂ ಬರವಿಲ್ಲ.

ನಾನು ರೇಣುಕಪ್ರಸಾದ್. ಪಾವಗಡ ರಸ್ತೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅವರು ವಿಜ್ಞಾನ ಹೇಳುತ್ತಾರೆ, ನಾನು ಕನ್ನಡ. ಮೂರು ವರ್ಷದಿಂದ ಇಬ್ಬರೂ ಅದೇ ಕಾರಿನಲ್ಲಿ ಹೋಗಿಬರುತ್ತಿದ್ದೇವೆ. ಪೆಟ್ರೋಲಿಗೆ ಅರ್ಧ ನಾನು ಹಾಕುತ್ತೇನೆ, ತಳ್ಳುವ ಕೆಲಸ ಪೂರ್ತಿ ನನ್ನದು. ಶಾಲೆಯ ಪಕ್ಕದಲ್ಲಿ ಕೆರೆ ಏರಿಯ ಇಳಿಜಾರು ಇದೆ ಎನ್ನುವ ಒಂದೇ ಕಾರಣಕ್ಕೆ ಅವರು ಎರಡು ಸಲ ವರ್ಗಾವಣೆ ಬೇಡವೆಂದರು ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅದು ಸುಳ್ಳು, ಆದರೆ ನಂಬಿದವರು ಬಹಳ.

ಕಾರು ಕೊಂಡದ್ದು ಶಿರಾದಲ್ಲಿ, ಹೈವೇ ಪಕ್ಕ ಹಳೇ ಗಾಡಿಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕೂತಿದ್ದ ಒಬ್ಬ ಸಾಬರ ಹತ್ತಿರ. ಚೌಕಾಸಿಗೆ ಬಾಯಿ ಜೋರಿರುವವನು ಬೇಕೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು. ನನ್ನ ಬಾಯಿ ಅಲ್ಲಿ ಏನೂ ಕೆಲಸ ಮಾಡಲಿಲ್ಲ. ಕದಿರಯ್ಯ ಮೇಷ್ಟ್ರು ಜೇಬಿನಿಂದ ಶಾಲೆಯ ಲಾಳದ ಆಯಸ್ಕಾಂತ ತೆಗೆದು ಒಂದೊಂದು ಕಾರಿನ ಮೈಮೇಲೂ ಸವರುತ್ತ ಹೋದರು. ಅಂಟಿದ ಕಡೆ ತಗಡು, ಜಾರಿದ ಕಡೆ ಬಣ್ಣದ ಕೆಳಗೆ ಪುಟ್ಟಿ, ಅಂದರೆ ಎಲ್ಲೋ ಗುದ್ದಿಸಿ ಮುಚ್ಚಿರುವ ಗಾಯ.

“ಮೇಷ್ಟ್ರೇ, ಇದು ಗಾಡಿ, ಸೈನ್ಸ್ ಕ್ಲಾಸಲ್ಲ,” ಎಂದು ಸಾಬರು ನಕ್ಕರು. “ಇಂಜಿನ್ ನೋಡಿ, ಏಕ್‌ದಂ ಮಕ್ಖನ್, ಬೆಣ್ಣೆ ಇದ್ದಂಗೆ.”

ಎರಡು ಭಾನುವಾರ ಹತ್ತೊಂಬತ್ತು ಕಾರುಗಳಿಗೆ ಆಯಸ್ಕಾಂತ ಹಿಡಿದ ಮೇಲೆ ಇಪ್ಪತ್ತು ವರ್ಷ ಹಳೆಯ ಒಂದು ಪುಟ್ಟ ಬಿಳಿ ಕಾರು ಪಾಸಾಯಿತು. ಬಿಳುಪು ಹೋಗಿ ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು. ನಲವತ್ತೆಂಟು ಸಾವಿರ. ಕಾಗದಪತ್ರ ತಮ್ಮ ಹೆಸರಿಗೆ ಬರುವವರೆಗೂ ಕಾರು ಮುಟ್ಟಲಿಲ್ಲ. “ಆಮೇಲೆ ಮಾಡಿಸ್ಕೋಬಹುದು ಬುಡಿ,” ಎಂದು ನಾನೇ ಅಂದೆ. “ನಿಮ್ಮಂಥೋರ್ಗೆ ಆಮೇಲೆ ಅನ್ನೋದು ನಡೀತದೆ ಪ್ರಸಾದ್ ಮೇಷ್ಟ್ರೇ, ನಮ್ಮಂಥೋರ್ಗೆ ಕಾಗ್ದನೇ ಗತಿ,” ಎಂದರು. ಸುಮ್ಮನೆ ಅಂದದ್ದು, ಮೊನಚಿರಲಿಲ್ಲ. ಆದರೂ ನನಗೆ ಸ್ವಲ್ಪ ಸಿಟ್ಟು ಬಂತು. ನಾನು ಅವರ ಮನೆಯಲ್ಲಿ ಮುದ್ದೆ ಉಂಡವನು, ಹಾಗೆ ಉಂಡಿದ್ದೇನೆ ಎನ್ನುವ ಜಂಬವೂ ಇದ್ದವನು.

ಆ ಕಾರನ್ನು ಅವರು ಸಾಕಿದ ರೀತಿಯೇ ಒಂದು ಪಾಠ. ಮಧುಗಿರಿಯ ಮೆಕ್ಯಾನಿಕ್ ಕಿರಣ್ ಕುಮಾರ್ ಹೇಳಿದ ರಿಪೇರಿಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಪ್ರಾಣಕ್ಕೆ ಸಂಬಂಧಿಸಿದ್ದು, ಮಾನಕ್ಕೆ ಸಂಬಂಧಿಸಿದ್ದು ಎಂದು ಎರಡು ಪಾಲು ಮಾಡುತ್ತಾರೆ. ಬ್ರೇಕು, ಟೈರು, ಸ್ಟೀರಿಂಗು ಪ್ರಾಣದ ಪಾಲು, ಅದಕ್ಕೆ ಹಿಂದೆಮುಂದೆ ನೋಡುವುದಿಲ್ಲ. ಸೀಟಿನ ಹರಕಲು, ಬಾಗಿಲಿನ ಹಿಡಿ, ಹಿಂದಿನ ಗಾಜಿನ ಕೆಳಗೆಲ್ಲ ಹೊಗೆಯಿಂದ ಹಿಡಿಯುವ ಮಸಿ, ಇವು ಮಾನದ ಪಾಲು. ಮಾನ ಕಾಯಬಲ್ಲದು ಎನ್ನುತ್ತಾರೆ. ಬ್ಯಾಟರಿಯನ್ನು ಯಾವ ಪಾಲಿಗೆ ಹಾಕಬೇಕೆಂದು ಅವರೂ ಕಿರಣ್ ಕುಮಾರನೂ ಇವತ್ತಿಗೂ ಜಗಳವಾಡುತ್ತಾರೆ.

ಇಷ್ಟು ಲೆಕ್ಕಾಚಾರದ ಮನುಷ್ಯ ಕಾರು ಕೊಂಡದ್ದೇಕೆ? ಬಸ್ಸಿತ್ತು. ಬಸ್ಸು ಬಿಟ್ಟರೆ ಬೈಕಿತ್ತು. ಕಾರಣವನ್ನು ಅವರು ಕಾರು ಮನೆಗೆ ಬಂದ ಮರುದಿನ ಸ್ಟಾಫ್ ರೂಮಿನಲ್ಲಿ ಹೇಳಿದರು.

“ನಮ್ಮವ್ವ ಆ ಬೀದೀಲಿ ಕೂತ್ಕಂಡು ಹೋಗ್ಬೇಕು. ಕಾಲಲ್ಲಿ ಚಪ್ಪಲಿ ಇರ್ಬೇಕು. ಅಷ್ಟೇ ಕಣ್ರೀ ನನಗೆ.”

ಅವ್ವ ಎಂದರೆ ಚಿಕ್ಕಹನುಮಕ್ಕ. ಎಪ್ಪತ್ತನಾಲ್ಕು ವರ್ಷ, ಎರಡೂ ಮಂಡಿ ನೋವು, ಮಧುಗಿರಿಯಲ್ಲಿ ಮಗನ ಜೊತೆ ಇದ್ದಾರೆ. ತಿಂಗಳಿಗೊಮ್ಮೆ ತವರುಹಳ್ಳಿಗೆ ಹೋಗಿ ಕಾಲೋನಿಯಲ್ಲಿರುವ ತಂಗಿಯನ್ನು ನೋಡಿಬರದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಆ ಹಳ್ಳಿಯ ಹೆಸರು ನಾನು ಬರೆಯುವುದಿಲ್ಲ, ಅಲ್ಲಿ ನನಗೆ ನೆಂಟರಿದ್ದಾರೆ. ಕಾಲೋನಿಗೆ ಹೋಗಬೇಕಾದರೆ ನಮ್ಮವರು ಇರುವ ಮೇಲಿನ ಬೀದಿಯನ್ನು ದಾಟಿಯೇ ಹೋಗಬೇಕು, ಬೇರೆ ದಾರಿಯಿಲ್ಲ. ಹದಿನಾರನೆಯ ವಯಸ್ಸಿನಲ್ಲಿ, ಮದುವೆಯಾದ ಹೊಸದರಲ್ಲಿ, ಚಿಕ್ಕಹನುಮಕ್ಕ ಹೊಸ ಚಪ್ಪಲಿ ಮೆಟ್ಟಿಕೊಂಡು ಆ ಬೀದಿಯಲ್ಲಿ ಬಂದರಂತೆ. ಅರ್ಧ ಬೀದಿಯಲ್ಲಿ ತಡೆದು, ಚಪ್ಪಲಿಯನ್ನು ಅವರ ತಲೆಯ ಮೇಲೇ ಇಡಿಸಿ, ಕೊನೆಯವರೆಗೂ ನಡೆಸಿದರಂತೆ. ಗಂಡ ಹಿಂದೆ ತಲೆ ತಗ್ಗಿಸಿಕೊಂಡು ಬಂದನಂತೆ.

“ಹೊಡೆದಿದ್ರೆ ಮರ್ತೋಗೋದು ಕಣಪ್ಪ,” ಎಂದು ಆಯಮ್ಮ ಒಮ್ಮೆ ನನ್ನೆದುರೇ ಹೇಳಿದ್ದರು. “ಯಾರೂ ಹೊಡೀಲಿಲ್ಲ. ನಕ್ಕುಬುಟ್ರು.”

ಈಗ ಯಾರೂ ಏನೂ ಹೇಳುವುದಿಲ್ಲ. ಹುಡುಗರು ಬೂಟು ಹಾಕಿಕೊಂಡು ಬೈಕಿನಲ್ಲಿ ಹೋಗುತ್ತಾರೆ. ಆದರೆ ಚಿಕ್ಕಹನುಮಕ್ಕನಿಗೆ ಐವತ್ತೆಂಟು ವರ್ಷದಿಂದ ಒಂದೇ ರೂಢಿ. ಅರಳಿಕಟ್ಟೆ ಬಂದ ಕೂಡಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯುವುದು, ಬೀದಿ ಮುಗಿದ ಮೇಲೆ ಮೆಟ್ಟುವುದು. ಕಾರು ಬಂದರೆ ಇದು ಬಿಟ್ಟುಹೋಗುತ್ತದೆ ಎಂದು ಮಗ ತಿಳಿದಿದ್ದರು. ಎಲ್ಲಿ! ಅರಳಿಕಟ್ಟೆಯ ಹತ್ತಿರ “ನಿಲ್ಸ್ಲಾ ಕದಿರಾ” ಎನ್ನುವರು. ಮಗ ಸುತ್ತಿ ಬಂದು ಬಾಗಿಲು ತೆಗೆಯುವರು. ಅವ್ವ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಕುಂಟುತ್ತ ನಲವತ್ತು ಮನೆ ದಾಟುವರು. ಮಗನೊಬ್ಬನೇ ಕೂತ ಕಾರು ಅವರ ಹಿಂದೆ ಮೊದಲ ಗೇರಿನಲ್ಲಿ ತೆವಳುವುದು. ಮೂರು ವರ್ಷ ಹೀಗೇ ನಡೆಯಿತು.

“ಯಾರು ಕೇಳ್ತಾರವ್ವ ಈಗ?” ಎಂದು ಮಗ ರೇಗಿದರೆ, “ಯಾರೂ ಕೇಳಲ್ಲ, ನನ್ ಕಾಲು ನನ್ ಮಾತು ಕೇಳಲ್ಲ,” ಎನ್ನುವರು.

ಹೋದ ಮಾಗಿಯಲ್ಲಿ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಹಳ್ಳಿಗೆ ಹೊರಟೆವು. ಅಲ್ಲಿ ನನ್ನ ಹೆಂಡತಿಯ ದೊಡ್ಡಪ್ಪ ಅಡವಯ್ಯನವರಿಗೆ ಮದುವೆಯ ಕರೆಯೋಲೆ ಕೊಡುವುದಿತ್ತು. ಚಿಕ್ಕಹನುಮಕ್ಕ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಅರಳಿಕಟ್ಟೆಯ ಹತ್ತಿರ ಕಡ್ಲೆಬಳ್ಳಿ ಹೇರಿದ ಟ್ರ್ಯಾಕ್ಟರು ಅರ್ಧ ರಸ್ತೆ ಹಿಡಿದಿತ್ತು, ಹಿಂದಿನಿಂದ ಟೆಂಪೋದವನು ಹಾರನ್ ಬಾರಿಸುತ್ತಿದ್ದ. ನಿಲ್ಲಿಸಲು ಜಾಗವಿರಲಿಲ್ಲ. “ನಿಲ್ಸ್ಲಾ, ನಿಲ್ಸು,” ಎನ್ನುತ್ತಲೇ ಇದ್ದರು ಅವ್ವ. “ಮುಂದೆ ನಿಲ್ಸ್ತೀನಿ ತಡಿಯವ್ವ,” ಎನ್ನುತ್ತ ಮಗ ಬೀದಿಯೊಳಕ್ಕೆ ಬಂದುಬಿಟ್ಟರು. ನಾಲ್ಕು ಮೇಕೆ ಅಡ್ಡ ಓಡಿದವು, ಬ್ರೇಕ್ ಒತ್ತಿದರು, ಇಂಜಿನ್ ಆರಿತು. ಕೀ ತಿರುಗಿಸಿದರೆ ಬ್ಯಾಟರಿ ಟಿಕ್ ಎಂದು ಸುಮ್ಮನಾಯಿತು. ಬೀದಿ ಅಲ್ಲಿ ಏರುಮುಖ. ಪಕ್ಕದಲ್ಲೇ ಅಡವಯ್ಯನವರ ಜಗಲಿ.

ಚಿಕ್ಕಹನುಮಕ್ಕ ಬಾಗಿಲಿನ ಹಿಡಿ ತಡಕಿದರು. ಅದು ಒಳಗಿನಿಂದ ತೆಗೆಯಲು ಬರುವುದಿಲ್ಲ, ಮಾನದ ಪಾಲಿಗೆ ಬಿದ್ದು ಎರಡು ವರ್ಷವಾಗಿತ್ತು. ನಾನು ಕೆಳಗಿಳಿದಿದ್ದೆ. “ಮೇಷ್ಟ್ರೇ, ಬಾಗ್ಲು ತೆಗೀರಿ, ಇಳೀತೀನಿ,” ಎಂದರು. ನಾನು ಕೈ ಹಾಕಿದೆ.

“ತೆಗೀಬ್ಯಾಡಿ ಪ್ರಸಾದ್ ಮೇಷ್ಟ್ರೇ,” ಎಂದರು ಕದಿರಯ್ಯ. “ತಳ್ಳಿ.”

ಮೂರು ವರ್ಷದ ಆಸೆ ತಾನಾಗಿ ಕೈಗೆ ಬಂದಿತ್ತು, ಅದನ್ನು ಬಿಡಲು ಅವರಿಗೆ ಮನಸ್ಸಾಗಲಿಲ್ಲ. ತಾಯಿಯನ್ನು ಕೂಡಿಹಾಕಿ ಮರ್ಯಾದೆ ಕೊಡಿಸುವುದು ಎಂಥ ನ್ಯಾಯ ಎಂದು ನನಗೆ ಅನ್ನಿಸಿದ್ದು ನಿಜ. ಆದರೂ ನಾನು ಬಾಗಿಲು ಬಿಟ್ಟು ಹಿಂದಕ್ಕೆ ಹೋಗಿ ಕೈ ಕೊಟ್ಟೆ. ಏರಿಗೆ ಒಬ್ಬನ ಬಲ ಸಾಲಲಿಲ್ಲ. ಜಗಲಿಯಲ್ಲಿ ಕೂತಿದ್ದ ಇಬ್ಬರು ಹುಡುಗರು ಬಂದರು. ಅವರ ಹಿಂದೆಯೇ ಅಡವಯ್ಯನವರು ಪಂಚೆ ಎತ್ತಿ ಕಟ್ಟಿಕೊಂಡು ಬಂದು ನನ್ನ ಪಕ್ಕದಲ್ಲಿ ಕೈ ಹಚ್ಚಿದರು.

“ಏನ್ ಅಳಿಯಂದ್ರೇ, ಕಾರ್ ತಗಂಡ್ರಾ? ಹೇಳ್ಲೇ ಇಲ್ಲ,” ಎಂದರು, ಏದುಸಿರು ಬಿಡುತ್ತ.

“ನಂದಲ್ಲ ದೊಡ್ಡಪ್ಪ. ಕದಿರಯ್ಯ ಮೇಷ್ಟ್ರದ್ದು, ನಮ್ ಸ್ಕೂಲಿನೋರು.”

“ಯಾವ ಕದಿರಯ್ಯ?”

“ಚಿಕ್ಕಹನುಮಕ್ಕನ ಮಗ. ಮುಂದೆ ಕೂತವ್ರಲ್ಲ, ಅವರ ಮಗ.”

ಅಡವಯ್ಯನವರು ಕೈ ತೆಗೆದರು. ಹೆಗಲ ಮೇಲಿನ ಟವೆಲ್ ತೆಗೆದುಕೊಂಡು ಎರಡೂ ಅಂಗೈ ಒರೆಸಿಕೊಂಡರು, ಒಂದೊಂದು ಬೆರಳನ್ನೂ ಬಿಡದೆ. ಹುಡುಗರು ನಗುನಗುತ್ತ ತಳ್ಳುತ್ತಲೇ ಇದ್ದರು. ಏರು ಮುಗಿಯಿತು, ಕಾರು ಸೀನಿ ಎದ್ದಿತು.

ನಾನು ಕಂಡದ್ದನ್ನು ಕಂಡಂತೆ ಹೇಳಬೇಕು. ಆ ಕಾರಿನ ಹಿಂಭಾಗವೆಲ್ಲ ಹೊಗೆಯ ಮಸಿ. ಯಾರು ಮುಟ್ಟಿದರೂ ಒರೆಸಿಕೊಳ್ಳಲೇಬೇಕು. ಅಡವಯ್ಯನವರು ಮಸಿಗೆ ಒರೆಸಿಕೊಂಡರೋ, ಹೆಸರು ಕೇಳಿ ಒರೆಸಿಕೊಂಡರೋ, ನಾನು ಆಣೆ ಮಾಡಲಾರೆ. ಅವರು ಕೆಟ್ಟವರಲ್ಲ, ಊರಿನ ಶಾಲೆಗೆ ಜಾಗ ಬಿಟ್ಟುಕೊಟ್ಟವರು. ಇನ್ನೊಂದನ್ನೂ ಹೇಳಬೇಕು. ಏರು ಮುಗಿದ ಕೂಡಲೇ ನಾನೂ ಕರ್ಚೀಫು ತೆಗೆದು ಕೈ ಒರೆಸಿಕೊಂಡೆ.

ಕಾರು ಹತ್ತಲು ಮುಂದಕ್ಕೆ ಬಂದಾಗ ಚಿಕ್ಕಹನುಮಕ್ಕನ ತೊಡೆಯ ಮೇಲೆ ಚಪ್ಪಲಿ ಕಂಡೆ. ಇಳಿಯಲು ಬಿಡದಿದ್ದರೂ ಕೂತಲ್ಲೇ ಕಳಚಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಅವರ ಕಣ್ಣು ಪಕ್ಕದ ಕನ್ನಡಿಯಲ್ಲಿತ್ತು. ಆ ಕನ್ನಡಿಯಲ್ಲಿ ಹಿಂದಿನದೆಲ್ಲ ಚೆನ್ನಾಗಿ ಕಾಣುತ್ತದೆ, ಅದು ಪ್ರಾಣದ ಪಾಲು. ಅವರು ಯಾರ ಕೈ ನೋಡಿದರೋ ಕೇಳಲು ನನಗೆ ಧೈರ್ಯವಿರಲಿಲ್ಲ. ನಾನು ನೋಡುತ್ತಿರುವಂತೆಯೇ ಬಗ್ಗಿ, ಚಪ್ಪಲಿಯನ್ನು ಕೆಳಗಿಟ್ಟು, ಒಂದೊಂದಾಗಿ ಕಾಲಿಗೆ ಹಾಕಿಕೊಂಡರು. ಬೀದಿ ಇನ್ನೂ ಅರ್ಧ ಬಾಕಿ ಇತ್ತು.

ಕಾಲೋನಿ ಮುಟ್ಟಿದ ಮೇಲೆ ಮಗನಿಗೆ ಸರಿಯಾಗಿ ಬಿತ್ತು. “ಕುರಿ ಕೂಡ್ದಂಗೆ ಕೂಡಿಬುಟ್ಟೆಯಲ್ಲೋ ನನ್ನ! ಅವ್ರು ಹೇಳ್ದಂಗೂ ನಾನೇ ಕೇಳ್ಬೇಕು, ನೀನ್ ಹೇಳ್ದಂಗೂ ನಾನೇ ಕೇಳ್ಬೇಕಾ?” ಕದಿರಯ್ಯ ಮೇಷ್ಟ್ರು ಚಿಕ್ಕವ್ವನ ಮನೆಯಲ್ಲಿ ಊಟಕ್ಕೆ ಕೂತರೂ ಮುದ್ದೆ ಮುರಿಯದೆ ಕೂತಿದ್ದರು. “ತಪ್ಪು ಮಾಡ್ಬುಟ್ಟೆ ಮೇಷ್ಟ್ರೇ,” ಎಂದು ನನಗೆ ಮೆಲ್ಲಗೆ ಹೇಳಿದರು. ಕರೆಯೋಲೆ ಇನ್ನೂ ನನ್ನ ಜೇಬಿನಲ್ಲೇ ಇತ್ತು.

ಸಂಜೆ ಹೊರಟಾಗ ಕಾಲೋನಿಯ ಹುಡುಗರು ತಳ್ಳಿ ಕಾರು ಎಬ್ಬಿಸಿಕೊಟ್ಟರು. ಮೇಲಿನ ಬೀದಿ ಶುರುವಾಗುವ ಕಡೆ ಮೇಷ್ಟ್ರು ತಾವಾಗಿಯೇ ನಿಲ್ಲಿಸಿದರು. ಇಂಜಿನ್ ಆರದಂತೆ ಹ್ಯಾಂಡ್‌ಬ್ರೇಕ್ ಹಾಕಿ, ಇಳಿದು, ಸುತ್ತಿ ಬಂದು, ಅವ್ವನ ಬಾಗಿಲು ತೆಗೆದು ನಿಂತರು. ತಪ್ಪೊಪ್ಪಿಗೆ ಎಂದರೆ ಅದೇ. ಇನ್ನು ಮೇಲೆ ನಿನ್ನ ಇಷ್ಟ ಎಂದು ಆ ತೆರೆದ ಬಾಗಿಲೇ ಹೇಳುತ್ತಿತ್ತು.

ಚಿಕ್ಕಹನುಮಕ್ಕ ಇಳಿಯಲಿಲ್ಲ. ಸೆರಗು ಒಳಗೆಳೆದುಕೊಂಡರು.

“ಬಾಗ್ಲು ಹಾಕ್ಲಾ,” ಎಂದರು. “ಮೆಲ್ಲಗೆ ಓಡ್ಸು. ಓಡಿಹೋಗೋರಂಗೆ ಬ್ಯಾಡ.”

ಕಾರು ನಡಿಗೆಯ ವೇಗದಲ್ಲಿ ಹೊರಟಿತು. ಮೇಷ್ಟ್ರು ಅಳುತ್ತಿದ್ದರು. ಮೀಸೆಯವರೆಗೂ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಸ್ಟೀರಿಂಗಿನಿಂದ ಕೈ ಬಿಡಲಿಲ್ಲ. ಅಡವಯ್ಯನವರು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಅವರ ಮುಂದೆ ಬಂದಾಗ ಚಿಕ್ಕಹನುಮಕ್ಕ ಮಗನ ತೋಳು ಮುಟ್ಟಿ ಕಾರು ನಿಲ್ಲಿಸಿದರು. ಗಾಜು ಇಳಿದೇ ಇತ್ತು. ಹುಟ್ಟಿದಾಗಿನಿಂದ ಆ ಜಗಲಿಯ ಕಡೆ ನೋಡಿ “ಬುದ್ಧೀ” ಎಂದಲ್ಲದೆ ಬೇರೆ ಮಾತು ಆಡದ ಹೆಂಗಸು ತಲೆ ಹೊರಗೆ ಹಾಕಿದರು.

“ಏನ್ ಅಡವಯ್ಯ, ಕೈ ಮಸಿ ಹೋಯ್ತಾ?”

ಅಡವಯ್ಯನವರ ಬಾಯಲ್ಲಿ ಎಲೆಯಿತ್ತು. ಅವರು ಎದ್ದು ನಿಂತರು. ಅವರನ್ನು ನೋಡಲು ನನ್ನಿಂದಾಗಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ಆಯಮ್ಮ ಎಲ್ಲಿ ನನ್ನ ಕಡೆಗೂ ತಿರುಗಿ ಅದನ್ನೇ ಕೇಳಿಬಿಡುವರೋ ಎಂದು ಹೆದರಿ ಕೂತಿದ್ದೆ.