ಅವ್ವನ ರಕ್ತ, ನನ್ನ ರಕ್ತ

ಅಣ್ಣನಿಗೂ ನನಗೂ ನಡುವೆ ಇನ್ನಿಬ್ಬರು ಹುಟ್ಟಿದ್ದರು. ಇಬ್ಬರೂ ಹುಟ್ಟಿದ ಮರುದಿನವೇ ಅರಿಶಿನ ಬಳಿದಂತೆ ಹಳದಿಯಾಗಿ ತೀರಿಕೊಂಡರಂತೆ. ಕೂಡ್ಲಿಗಿಯ ನಮ್ಮ ಮನೆಯಲ್ಲಿ ಅವರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಗುಡೇಕೋಟೆಯಿಂದ ಅಪ್ಪನ ಅಕ್ಕ ಬಂದಾಗ ಮಾತ್ರ, "ನಿನ್ನ ಹೊಟ್ಟಿಯಾಗ ವಿಷ ಐತಿ" ಎಂದು ಅವ್ವನನ್ನು ಚುಚ್ಚುತ್ತಿದ್ದಳು. ಅವ್ವ ರೊಟ್ಟಿ ಬಡಿಯುತ್ತಲೇ ಇರುತ್ತಿದ್ದಳು.

ತೊಂಬತ್ತರ ದಶಕದ ಕೊನೆಗೆ, ಹರಪನಹಳ್ಳಿಗೆ ಮದುವೆಯಾಗಿ ಹೋಗಿದ್ದ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಊರಿನ ಆಸ್ಪತ್ರೆಯ ಡಾಕ್ಟರಮ್ಮ ನನ್ನ ರಕ್ತ ಪರೀಕ್ಷೆ ಮಾಡಿಸಿ, "ನಿಮ್ಮದು ನೆಗೆಟಿವ್ ಗುಂಪು, ಯಜಮಾನ್ರದು ಪಾಸಿಟಿವ್" ಎಂದರು. ನಂತರ ಅವ್ವನ ಕಡೆ ತಿರುಗಿ, "ನಿಮಗೆ ಎಷ್ಟು ಹೆರಿಗಿ ಆಗ್ಯಾವ್ರಿ?" ಎಂದು ಕೇಳಿದರು.

ಅವ್ವ ತಡವರಿಸುತ್ತಲೇ ಹೇಳಿದಳು. ಹಳದಿಯ ಮಾತು ಬಂದದ್ದೇ ಡಾಕ್ಟರಮ್ಮ ಅವಳ ಬೆರಳನ್ನೂ ಚುಚ್ಚಿ ನೋಡಿಸಿದರು. ಅವಳದೂ ನೆಗೆಟಿವ್. ಅಣ್ಣನನ್ನೂ ಕರೆಸಿ ನೋಡಿದರೆ, ಅವನದು ಪಾಸಿಟಿವ್.

"ಮೊದಲನೇ ಹೆರಿಗಿಯಾಗ ಮಗನ ರಕ್ತ ಸ್ವಲ್ಪ ನಿಮ್ಮ ಮೈಗೆ ಸೇರಿರಬೇಕು. ಮೈ ಅದನ್ನ ಹೊರಗಿಂದು ಅಂತ ತಿಳಕೊಂಡು ಪ್ರತಿಕಾಯ ಮಾಡ್ತು. ಅದರಾಗ ಮೊದಲು ಬರೋದು ಐಜಿಎಂ ಅನ್ನೋದು. ಅದು ಐದು ತುಂಡು ಕೂಡಿಕೊಂಡು ದೊಡ್ಡದಿರ್ತೈತಿ, ತಾಯಿಗೂ ಕೂಸಿಗೂ ನಡುವಿನ ಮಾಸು ದಾಟಂಗಿಲ್ಲ. ಆಮ್ಯಾಲೆ ಬರೋದು ಐಜಿಜಿ. ಅದು ಒಂಟಿ, ಕವಲು ಕಟ್ಟಿಗಿ ಇದ್ದಂಗ. ಮಾಸು ದಾಟಿ ಕೂಸಿನ ಮೈಗೆ ಹೋಗ್ತೈತಿ."

"ಅದು ಕೆಟ್ಟದ್ದೇನ್ರಿ?" ಎಂದಳು ಅವ್ವ.

"ಇಲ್ಲಬೇ. ತಾಯಿಗೆ ಬಂದುಹೋದ ರೋಗದಿಂದ ಕೂಸನ್ನ ಕಾಯೋದೂ ಅದೇ. ನಿಮಗ ಮಾತ್ರ ಅದು ಆ ಎರಡು ಕೂಸಿನ ಮೈಯಾಗ ರಕ್ತಾನ ಒಡದು ಹಳದಿ ಮಾಡ್ತು. ಈ ಮಗಳ ರಕ್ತ ನಿಮ್ಮಂಥದೇ ನೋಡ್ರಿ, ಅದಕ್ಕ ಉಳಿದಾಳ. ಹಿಂಗೇ ಆಗಿರಬೇಕು."

"ಹಂಗಾರ ನನ್ನ ತಪ್ಪಲ್ಲ?" ಎಂದಳು ಅವ್ವ.

"ಯಾರ ತಪ್ಪೂ ಅಲ್ಲ" ಎಂದು ಡಾಕ್ಟರಮ್ಮ ಅವಳ ಕೈ ಹಿಡಿದರು.

ನನಗೆ ಗಂಡುಮಗು ಹುಟ್ಟಿತು, ರಕ್ತ ಪಾಸಿಟಿವ್. ಮುಂದಿನ ಕೂಸಿಗೆ ಹಾಗಾಗದಿರಲೆಂದು ಮೂರು ದಿನದೊಳಗೆ ನನಗೊಂದು ಇಂಜೆಕ್ಷನ್ ಕೊಡಬೇಕಿತ್ತು, ಅದು ಕೂಡ್ಲಿಗಿಯಲ್ಲಿ ಸಿಗಲಿಲ್ಲ. ಅಣ್ಣ ಸಿಕ್ಕ ಬಸ್ಸು ಹತ್ತಿ ಹೊಸಪೇಟೆಗೆ ಹೋಗಿ, ಚಹಾ ತರುವ ಫ್ಲಾಸ್ಕಿನಲ್ಲಿ ಐಸ್ ತುಂಬಿಸಿ ಅದನ್ನು ತಂದ. ದಾರಿಯುದ್ದಕ್ಕೂ ಮಡಿಲಿನಿಂದ ಇಳಿಸಿರಲಿಲ್ಲವಂತೆ. ಅವನ ಅಂಗಿ ಒದ್ದೆಯಾಗಿತ್ತು.

"ಇದರಾಗ ಏನೈತ್ರಿ?" ಅವ್ವ ಕೇಳಿದಳು.

ಡಾಕ್ಟರಮ್ಮ ಹೇಳಿದರು: "ಐಜಿಜಿನೇ. ಬ್ಯಾರೆ ಜನ ಕೊಟ್ಟ ರಕ್ತದಿಂದ ತೆಗೆದಿದ್ದು. ಒಳಗ ಸೇರಿದ ಕೂಸಿನ ರಕ್ತಾನ ಇದೇ ತೆಗೆದುಹಾಕ್ತೈತಿ. ಮಗಳ ಮೈ ಅದನ್ನ ಗುರುತು ಹಿಡಿಯೋದ್ರೊಳಗ ಕೆಲಸ ಮುಗೀತೈತಿ."

"ಯಾವೂರವರೋ ಏನೋ. ಅವರ ಹೊಟ್ಟಿ ತಣ್ಣಗಿರ್ಲಿ" ಎಂದು ಅವ್ವ ಕೈಮುಗಿದಳು. ಬಾಣಂತಿಯ ಮೊದಲ ಹಾಲನ್ನು ಹಿಂಡಿ ಚೆಲ್ಲುವುದು ನಮ್ಮಲ್ಲಿ ರೂಢಿ. ಅದರಲ್ಲಿ ಐಜಿಎ ಎಂಬ ಇನ್ನೊಂದು ಪ್ರತಿಕಾಯ ಇರುತ್ತದೆ, ಕೂಸಿನ ಕರುಳಿಗೆ ಕಾವಲು ಎಂದು ಡಾಕ್ಟರಮ್ಮ ಹೇಳಿದ ಮೇಲೆ, ಅವ್ವನೇ ಮಗುವನ್ನು ಎದೆಗೆ ಹಚ್ಚಿದಳು.

ಕೆಲವು ವರ್ಷದ ಮೇಲೆ ಮತ್ತೆ ಬಸಿರಾದೆ. ಪರೀಕ್ಷೆಗೆಂದು ದಾವಣಗೆರೆಗೆ ಕಳಿಸಿದ ನನ್ನ ರಕ್ತದಲ್ಲಿ ಆ ಪ್ರತಿಕಾಯ ಕಾಣಲಿಲ್ಲ ಎಂದು ತಿಳಿದಾಗ ನನಗೆ ನೆಮ್ಮದಿಯಿಂದ ಅಳು ಬಂತು. ಹೆಣ್ಣುಮಗು ಹುಟ್ಟಿದಳು, ಅವಳದೂ ಪಾಸಿಟಿವ್. ಅವ್ವ ದಿನವೂ ಅವಳನ್ನು ಬೆಳಗಿನ ಬಿಸಿಲಿಗೆ ಹಿಡಿದು ಕಣ್ಣು, ಉಗುರು ನೋಡುತ್ತಿದ್ದಳು. ಹಳದಿ ಏರಲಿಲ್ಲ.

ಒಂದು ಮಧ್ಯಾಹ್ನ ಕೂಸಿಗೆ ಎಣ್ಣೆ ತಿಕ್ಕುತ್ತ ಅವ್ವ ತಾನಾಗಿಯೇ ಹೇಳಿದಳು: "ದೊಡ್ಡದಕ್ಕ ತಲಿತುಂಬ ಕೂದಲಿದ್ವು. ಸಣ್ಣದು ನನ್ನ ಬೆರಳು ಬಿಗಿಯಾಗಿ ಹಿಡೀತಿತ್ತು."

ತೀರಿಕೊಂಡ ಆ ಇಬ್ಬರ ಬಗ್ಗೆ ಯಾರೂ ಕೇಳದೆ ಅವಳು ಆಡಿದ ಮೊದಲ ಮಾತು ಅದು. ಇನ್ನೂ ಹೇಳು ಎಂದೆ. ಹೇಳುತ್ತಲೇ ಹೋದಳು.