ಸಹಿ ಇಲ್ಲದೆ ಬದಲಾಗದ ಅಂಕಿ

ಕೊಪ್ಪಳ ಜಿಲ್ಲೆಯಾಗಿ ಹತ್ತು ಹನ್ನೆರಡು ವರ್ಷ ಕಳೆದಿದ್ದವು. ಗಂಗಾವತಿ ಕಡೆಯ ಸಿದ್ದಾಪುರದಲ್ಲಿ ಭತ್ತ ಬೆಳೆಯುವ ಮನೆತನದಿಂದ ಬಂದ ನಾನು, ಜಿಲ್ಲಾ ಕೇಂದ್ರದ ಒಂದು ಕಚೇರಿಯಲ್ಲಿ ಗುತ್ತಿಗೆ ಮೇಲೆ ಸರ್ವರ್ ನೋಡಿಕೊಳ್ಳುತ್ತಿದ್ದೆ. ಜಮೀನು ಅಳತೆಗೆ ಜನ ಕೊಟ್ಟ ಅರ್ಜಿಗಳನ್ನು ಒಬ್ಬರ ಟೇಬಲ್ಲಿನಿಂದ ಇನ್ನೊಬ್ಬರ ಟೇಬಲ್ಲಿಗೆ ಸಾಗಿಸುವ ತಂತ್ರಾಂಶ ಅದರಲ್ಲಿತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲ್ಲೂಕುಗಳಿಗೆ ಅದೊಂದೇ ಸರ್ವರ್.

ಸೇರಿದ ಹೊಸದರಲ್ಲಿ ನಾನೊಂದು ತಪ್ಪು ಮಾಡಿದ್ದೆ. ಕೆಲಸದ ಹೊತ್ತಿನಲ್ಲಿ, ಯಾರಿಗೂ ಹೇಳದೆ, ದಿನಾಂಕ ಬರೆಯುವ ಕ್ರಮವನ್ನು ಬದಲಿಸಿದೆ. ಸಂಜೆಯವರೆಗೆ ನಾಲ್ಕೂ ಕಡೆ ಕೆಲಸ ನಿಂತಿತು. ಹಳೆಯ ಕ್ರಮ ಏನಿತ್ತೆಂದು ಬರೆದಿಟ್ಟುಕೊಂಡಿರಲಿಲ್ಲವಾದ್ದರಿಂದ ಹಿಂದಕ್ಕೆ ಹೋಗಲೂ ದಾರಿ ಇರಲಿಲ್ಲ. ಯಲಬುರ್ಗಾದಿಂದ ಫೋನಿನಲ್ಲಿ ಬಂದ ಬೈಗುಳ ಇವತ್ತಿಗೂ ನೆನಪಿದೆ. ಆಮೇಲೆ ನಾನು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರಿನಲ್ಲಿ ಸರ್ವರಿನ ನಕಲೊಂದನ್ನು ಹಾಕಿಕೊಂಡೆ. ಏನೇ ಬದಲಿಸುವುದಿದ್ದರೂ ಮೊದಲು ಅಲ್ಲಿ.

ಒಂದು ಬೆಳಿಗ್ಗೆ ಹಿರಿಯ ಅಧಿಕಾರಿ ನನ್ನನ್ನು ಕರೆಸಿದರು. ಮರುದಿನ ಮೇಲಿನವರ ಮುಂದೆ ಸಭೆ. ಬಾಕಿ ಅರ್ಜಿಗಳ ಪಟ್ಟಿ ಉದ್ದವಾಗಿತ್ತು. ಯಾವುದೇ ಟೇಬಲ್ಲಿನಲ್ಲಿ ತೊಂಬತ್ತು ದಿನ ಅಲ್ಲಾಡದೆ ಕೂತ ಅರ್ಜಿ, ಅಳತೆ ಆಗದಿದ್ದರೂ, ತಾನಾಗಿಯೇ ಮುಚ್ಚಿ ಪಟ್ಟಿಯಿಂದ ಬಿಟ್ಟುಹೋಗುವಂತೆ ಸರ್ವರಿನಲ್ಲಿ ಒಂದು ಅಂಕಿ ಇತ್ತು. ಅದನ್ನು ಇಪ್ಪತ್ತೊಂದು ಮಾಡಿ ಎಂದರು. ಈಗಲೇ.

ಮೊದಲು ನಕಲಿನಲ್ಲಿ ನೋಡುತ್ತೇನೆ ಎಂದೆ. ಒಂದು ಅಂಕಿ ತಿದ್ದಲು ಇಷ್ಟೇಕೆ ಎಂದು ಗೊಣಗಿದರು. ನಾನು ಹೋಗಿ ಹಳೆಯ ಕಂಪ್ಯೂಟರಿನಲ್ಲಿ ಅಂಕಿ ಬದಲಿಸಿ, ಮತ್ತೆ ಚಾಲೂ ಮಾಡಿದೆ. ಅರ್ಜಿಗಳು ಒಂದರ ಹಿಂದೊಂದು ಮುಚ್ಚಿಹೋಗತೊಡಗಿದವು. ಹೆಚ್ಚಿನವು ಕುಷ್ಟಗಿಯವು. ಅಲ್ಲಿನ ಸರ್ವೇಯರು ತರಬೇತಿಗೆ ಹೋಗಿದ್ದರು, ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಅರ್ಜಿ ಕೊಟ್ಟವರ ತಪ್ಪು ಏನೂ ಇರಲಿಲ್ಲ.

ಪಟ್ಟಿಯನ್ನು ಪ್ರಿಂಟ್ ತೆಗೆದು ಅಧಿಕಾರಿಯ ಮುಂದಿಟ್ಟೆ. ಅದರಲ್ಲಿ ಒಂದನ್ನು ಓದಿ ಹೇಳಿದೆ: ಗಂಡ ತೀರಿದ ಮೇಲೆ ತನ್ನ ಪಾಲಿನ ಹೊಲ ಅಳೆಸಿಕೊಳ್ಳಲು ಮೂರು ಸಲ ಬಂದುಹೋದ ಹೆಣ್ಣುಮಗಳದು.

"ಮತ್ತ ಹೊಸಾ ಅರ್ಜಿ ಹಾಕ್ಲಿ," ಎಂದರು.

"ಹಂಗಂತ ಬರದು ಸಹಿ ಮಾಡಿ ಕೊಡ್ರಿ ಸರ್. ಇವತ್ತ ಮಾಡ್ತೀನಿ."

"ನೀವು ಗುತ್ತಿಗಿ ಮ್ಯಾಲ ಅದೀರಿ, ನೆನಪೈತಿಲ್ಲ?"

"ಐತ್ರಿ. ಪಾಸ್‌ವರ್ಡ್ ನಿಮ್ಮ ಕಪಾಟಿನ ಲಕೋಟ್ಯಾಗ ಐತಿ. ರಿಜಿಸ್ಟರ್‌ನ್ಯಾಗ ಸಹಿ ಮಾಡಿ ತಗೊಂಡು ಬ್ಯಾರೆಯವ್ರ ಕಡಿಂದ ಮಾಡಸ್ರಿ. ನಾ ಅಂತೂ ಹಿಂಗ ಮಾಡಂಗಿಲ್ಲ."

ಅವರು ಕಪಾಟಿನ ಕಡೆ ಒಮ್ಮೆ ನೋಡಿದರು, ಪೆನ್ನು ಮುಟ್ಟಲಿಲ್ಲ. ಮರುದಿನ ಉದ್ದದ ಪಟ್ಟಿಯನ್ನೇ ಹಿಡಿದು ಸಭೆಗೆ ಹೋದರು. ಅಲ್ಲಿ ಏನೇನು ಕೇಳಿಸಿಕೊಳ್ಳಬೇಕಾಯಿತೋ, ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಅವರೇ ಕರೆದು, ಆ ಅಂಕಿ ಇಳಿಸುವುದನ್ನು ಸರಿಯಾಗಿ ಮಾಡುವುದಾದರೆ ಹೇಗೆ ಎಂದು ಕೇಳಿದರು. ಕುಷ್ಟಗಿಗೆ ಬೇರೆ ಸರ್ವೇಯರನ್ನು ಹಾಕಿಸಿ ಎಂದೆ, ಹಾಕಿಸಿದರು. ನಿಂತಿದ್ದ ಅರ್ಜಿಗಳು ಸಾಗಿದ ಮೇಲೆ, ಅವರ ಸಹಿ ಇದ್ದ ಲಿಖಿತ ಆದೇಶ ಕೈಗೆ ಬಂದ ಮೇಲೆ, ಎರಡನೇ ಶನಿವಾರದ ರಜೆಯಲ್ಲಿ ಕೂತೆ. ನಾಲ್ಕೂ ತಾಲ್ಲೂಕಿಗೆ ಮೊದಲೇ ತಿಳಿಸಿದ್ದೆ. ಇಡೀ ಸರ್ವರಿನ ಪ್ರತಿ ತೆಗೆದೆ, ಹಳೆಯ ಅಂಕಿಯನ್ನು ಬರೆದಿಟ್ಟೆ, ಹೊಸದನ್ನು ಹಾಕಿ ಚಾಲೂ ಮಾಡಿದೆ. ಗಂಗಾವತಿಯ ಗುಮಾಸ್ತೆಯೊಬ್ಬಳು ರಜೆಯಲ್ಲೂ ಬಂದು ಪರೀಕ್ಷೆಗೆಂದು ಒಂದು ಅರ್ಜಿ ಕಳಿಸಿದಳು. ಅದು ಎಲ್ಲ ಟೇಬಲ್ಲುಗಳನ್ನೂ ದಾಟಿ ನನ್ನ ಪರದೆಗೆ ಬಂತು.

ಆ ವರ್ಷ ನನ್ನ ಗುತ್ತಿಗೆಯ ನವೀಕರಣ ಎಲ್ಲರಿಗಿಂತ ಕೊನೆಗೆ ಆಯಿತು. ಬಾಯಿ ಜೋರು ಎಂದು ಕಡತದಲ್ಲಿ ಯಾರೋ ಬರೆದಿದ್ದರಂತೆ. ಒಂದು ಮಾತು ತಪ್ಪಾಯಿತೆಂದು ಹೇಳಿಬಿಡು, ಬೇಗ ಆಗುತ್ತದೆ ಎಂದು ಜೊತೆಯವರು ಬುದ್ಧಿ ಹೇಳಿದರು. ನಾನು ಹೇಳಲಿಲ್ಲ. ನವೀಕರಣ ಆಗುವವರೆಗೂ ದಿನಾ ಹತ್ತು ಗಂಟೆಗೆ ಸರಿಯಾಗಿ ಹೋಗಿ ನನ್ನ ಕುರ್ಚಿಯಲ್ಲಿ ಕೂತೆ.