ಅಣ್ಣ ಕಟ್ಟಿದ ರೇಸ್ ಕಾರು

ನನ್ನನ್ನು ನೋಡಲು ಕುಣಿಗಲ್‌ನಿಂದ ಬಂದಿದ್ದ ಹುಡುಗ ಉಪ್ಪಿಟ್ಟಿನ ತಟ್ಟೆ ಬದಿಗಿಟ್ಟು, ಉಪ್ಪಾರಹಳ್ಳಿಯ ನಮ್ಮ ಮನೆಯ ಶೋಕೇಸಿನ ಮುಂದೆ ನಿಂತುಬಿಟ್ಟ. ಅಲ್ಲಿ ಅಂಗೈಯುದ್ದದ ಕೆಂಪು ರೇಸ್ ಕಾರಿತ್ತು. ಚಿಕ್ಕಪ್ಪ ದುಬೈನಿಂದ ತಂದ, ನಾವೇ ಜೋಡಿಸಬೇಕಾದ ಮಾದರಿ ಕಾರಿನ ಕಿಟ್‌ನ ಚೂರುಗಳನ್ನು ಬೇಸಿಗೆಯಿಡೀ ಚಿಮಟಿಗೆಯಲ್ಲಿ ಹಿಡಿದು ಅಂಟಿಸಿ, ನೇಲ್ ಪಾಲಿಶ್ ಬ್ರಷ್ಷಿನಲ್ಲಿ ಬಣ್ಣ ಬಳಿದು ಅದನ್ನು ಕಟ್ಟಿದವಳು ನಾನು. ತೊಂಬತ್ತೇಳನೇ ಇಸವಿಯ ಮಾತಿದು.

“ಯಾರ್ ಮಾಡಿದ್ದು ಇದು?” ಎಂದು ಕೇಳಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, “ನಮ್ ಹುಡ್ಗ. ಇವ್ಳಿಗೆ ಅಡ್ಗೆ, ಹೊಲ್ಗೆ ಬಿಟ್ರೆ ಬೇರೆ ಹುಚ್ಚಿಲ್ಲ” ಅಂದರು. ಪಕ್ಕದಲ್ಲೇ ಇದ್ದ ಅಣ್ಣ ಹೌದೆಂದು ತಲೆಯಾಡಿಸಿದ. ಅವರೆಲ್ಲ ಹೊರಡುವಾಗ ಅಪ್ಪ, ಕಾರನ್ನು ನನ್ನ ಕೈಯಲ್ಲೇ ಪೇಪರಿನಲ್ಲಿ ಸುತ್ತಿಸಿ ಹುಡುಗನಿಗೆ ಕೊಟ್ಟುಬಿಟ್ಟರು.

ಅವರನ್ನೇ ಮದುವೆಯಾದೆ. ಒಂದು ದಿನ ನಿಜ ಹೇಳಿದಾಗ, “ಸುಮ್ನಿರು, ನಿಮ್ಮಣ್ಣನ ಹೆಸ್ರು ಯಾಕ್ ಕಿತ್ಕೊಳ್ತೀಯ” ಎಂದು ನಕ್ಕರು. ಇನ್ನೊಂದು ಕಿಟ್ ತರಿಸಿಕೊಡಿ, ನಿಮ್ಮೆದುರೇ ಕಟ್ಟುತ್ತೇನೆ ಎಂದೆ. ತರಿಸಲಿಲ್ಲ.

ಕಳೆದ ಸಲ ನಮ್ಮ ಮನೆಗೆ ಬಂದಾಗ ಅಣ್ಣ, ಆ ಕೆಂಪು ಕಾರಿನ ಎಂಜಿನ್ನಿಗೆ ಕೂದಲಿನಷ್ಟು ಸಣ್ಣ ವೈರುಗಳನ್ನು ತಾನು ಹೇಗೆ ಕೂರಿಸಿದೆನೆಂದು ನನ್ನ ಮಗಳಿಗೆ ವಿವರಿಸುತ್ತಿದ್ದ. ಅವಳು ಕಣ್ಣರಳಿಸಿ ಕೇಳುತ್ತಿದ್ದಳು. ಅವನು ಹೇಳಿದ್ದೆಲ್ಲ ತಪ್ಪಾಗಿತ್ತು.